ಮೂರು ದೂರು, ಆಮೇಲೆ ಅನ್ನ

ಪೀ ಸಾಯ್ಕುಂಗಿಯವರ ಬಗ್ಗೆ ಬರೆದುಕೊಡಿ ಎಂದು ನಮ್ಮ ಸಭೆಯ ಹೆಂಗಸರು ನನ್ನನ್ನು ಕೇಳಿ ಎರಡು ವರ್ಷವಾಯಿತು. ಐವತ್ತನೆಯ ವರ್ಷದ ನೆನಪಿನ ಸಂಚಿಕೆಗಂತೆ. ಹೇಗೆ ಬರೆಯಬೇಕು ಎಂದು ಒಂದು ಮಾದರಿಯನ್ನೂ ಕಳಿಸಿದ್ದರು: ಹುಟ್ಟಿದ ಊರು, ಓದು, ಸೇವೆಗೆ ಬಂದ ವರ್ಷ, ಎಷ್ಟು ಜನ ಇವರಿಂದ ಚರ್ಚಿಗೆ ಸೇರಿದರು. ಆ ಮಾದರಿಗೆ ಪೀ ಸಾಯ್ಕುಂಗಿಯನ್ನು ತುಂಬಿದರೆ ಅರ್ಧ ಪುಟವೂ ಆಗುವುದಿಲ್ಲ. ಹುಟ್ಟಿದ ಊರು ಈಗ ಇಲ್ಲ. ಮಿಜೋರಾಮಿನ ಗಲಾಟೆಯ ವರ್ಷಗಳಲ್ಲಿ ಖಾಲಿಯಾದ ಊರುಗಳಲ್ಲಿ ಅದೂ ಒಂದು. ಓದು ಆರನೆಯ ತರಗತಿ. ಅಸ್ಸಾಮಿನ ಕಾರ್ಬಿ ಬೆಟ್ಟಗಳಿಗೆ ಬಂದದ್ದು ಅರವತ್ತೇಳರಲ್ಲಿ, ಗಂಡ ಪೂ ವಾನ್‌ಥಾಂಗರ ಜೊತೆ. ನಾವು ಮಿಜೋಗಳು ಹಿರಿಯ ಹೆಂಗಸಿಗೆ ಪೀ, ಹಿರಿಯ ಗಂಡಸಿಗೆ ಪೂ ಅನ್ನುತ್ತೇವೆ. ಇಪ್ಪತ್ತು ವರ್ಷದಲ್ಲಿ ಚರ್ಚಿಗೆ ಸೇರಿದ್ದು ಏಳು ಮನೆ, ಅದರಲ್ಲಿ ಎರಡು ಮನೆಯವರು ಹಂದಿಯ ವಿಷಯಕ್ಕೆ ಮುನಿಸಿಕೊಂಡು ಬಿಟ್ಟುಹೋದರು.

ಅವರು ಮಾಡಿದ ನಿಜವಾದ ಕೆಲಸಕ್ಕೆ ಆ ಮಾದರಿಯಲ್ಲಿ ಜಾಗವೇ ಇರಲಿಲ್ಲ. ಐಜಾಲಿನಿಂದ ಹೊಸದಾಗಿ ಬರುವ ಹುಡುಗ ಹುಡುಗಿಯರನ್ನು ಮೊದಲ ವರ್ಷ ತಮ್ಮ ಮನೆಯಲ್ಲಿ ಇಟ್ಟುಕೊಂಡು, ಆ ಊರಿನಲ್ಲಿ ಹುಚ್ಚು ಹಿಡಿಯದೆ, ಓಡಿಹೋಗದೆ, ಸಾಯದೆ ಬದುಕುವುದನ್ನು ಕಲಿಸುವುದು ಅವರ ಕೆಲಸ. ನಾನೂ ಅವರ ಕೈಯಲ್ಲಿ ಪಳಗಿದವಳೇ. ಮಾದರಿಯ ಕಾಗದವನ್ನು ಒಲೆಗೆ ಹಾಕಿದ್ದೇನೆ. ಸಂಚಿಕೆಯವರು ಅಚ್ಚು ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ. ನಮ್ಮವರಲ್ಲದವರಿಗೂ ತಿಳಿಯುವ ಹಾಗೆ, ನನಗೆ ತೋಚಿದಂತೆ ಬರೆಯುತ್ತೇನೆ.

ನಾನು ಅಲ್ಲಿಗೆ ಹೋದದ್ದು ಎಂಬತ್ತಾರರ ಮಾರ್ಚ್‌ನಲ್ಲಿ. ನನ್ನ ಹೆಸರು ಸಾಂಗ್ಪುಯಿ, ಆಗ ನನಗೆ ಇಪ್ಪತ್ನಾಲ್ಕು. ಜೊತೆಗೆ ಕೀಮ ಅಂತ ಇನ್ನೊಬ್ಬ ಹೊಸಬ, ಹೆಗಲಿಗೆ ಗಿಟಾರು, ಬಾಯಿಗೆ ಬೀಗವಿಲ್ಲ. ಲಾರಿ ನಮ್ಮನ್ನು ರಸ್ತೆಯ ಪಕ್ಕ ಇಳಿಸಿ ಹೋಯಿತು. ಅಲ್ಲಿಂದ ಲೋಂಗ್ಕಿ ಊರಿಗೆ ನಾಲ್ಕು ಗಂಟೆಯ ಏರು. ಕಾರ್ಬಿಗಳಲ್ಲಿ ಊರ ಹಿರಿಯನ ಹೆಸರೇ ಊರಿನ ಹೆಸರು. ಲೋಂಗ್ಕಿ ಅಂದರೆ ಆಗಿನ ಹಿರಿಯ. ತಗಡಿನ ಪೆಟ್ಟಿಗೆಯನ್ನು ನಾನೇ ಹೊತ್ತೆ. ಕೀಮ ಕೊಡು ಕೊಡು ಅಂದರೂ ಕೊಡಲಿಲ್ಲ. ಹೊಸ ಚಪ್ಪಲಿ ಕಚ್ಚಿ ಎರಡೂ ಹಿಮ್ಮಡಿಯಿಂದ ರಕ್ತ ಬರುತ್ತಿತ್ತು. ಅದನ್ನೂ ಹೇಳಲಿಲ್ಲ.

ನಮ್ಮ ಜನ ಹೀಗೇ. ತನ್ನ ಕಷ್ಟ ಬಾಯಿಬಿಡದೆ ಇನ್ನೊಬ್ಬರ ಕಷ್ಟಕ್ಕೆ ಓಡುವುದಕ್ಕೆ ನಾವು ತ್ಲೋಮ್‌ಙಾಯ್ ಅನ್ನುತ್ತೇವೆ. ಮಗು ಬಿದ್ದು ಅಳದೆ ಎದ್ದರೆ ಅಜ್ಜಿ ಅದೇ ಮಾತು ಹೇಳಿ ಬೆನ್ನು ತಟ್ಟುತ್ತಾಳೆ. ಅದರ ಮೇಲೆ ಮಿಷನರಿ ಆಗಿ ಹೊರಟವರಿಗೆ ಇನ್ನೊಂದು ಭಾರ. ಮಿಜೋ ಹೆಂಗಸು ಅನ್ನಕ್ಕೆ ಇಡುವಾಗ ಪ್ರತಿ ಸಲ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕುತ್ತಾಳೆ. ಅದು ದೇವರ ಅಕ್ಕಿ. ಅದೆಲ್ಲ ಸೇರಿಯೇ ನಮ್ಮನ್ನು ಹೊರಗೆ ಕಳಿಸುವುದು. ನಮ್ಮ ಬೀದಿಯಲ್ಲಿ ಕಣ್ಣು ಕಾಣದ ಒಬ್ಬ ಮುದುಕಿ ಇದ್ದಳು. ತಾನು ಗಂಜಿ ಕುಡಿದರೂ ಹಿಡಿ ಅಕ್ಕಿ ತಪ್ಪಿಸಿದವಳಲ್ಲ. ಅಂಥವಳ ಅಕ್ಕಿ ತಿಂದು ಹೋದವಳು ಹಿಮ್ಮಡಿ ನೋಯುತ್ತದೆ ಅಂತ ಹೇಗೆ ಹೇಳಲಿ?

ಬಿದಿರಿನ ಮನೆಯ ಮೆಟ್ಟಿಲಲ್ಲಿ ಕುಳ್ಳಗಿನ ಒಬ್ಬ ಹೆಂಗಸು ಎಲೆಯಡಿಕೆ ಅಗಿಯುತ್ತ ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ಕಾಲು ನೋಡಿದರು. ನಮ್ಮಲ್ಲಿ ಸಂಜೆ ಐದಕ್ಕೆಲ್ಲ ಊಟ. ಒಲೆಯ ಸುತ್ತ ಬೆತ್ತದ ಪೀಠ ಹಾಕಿ ಕೂತೆವು. ಸೊಪ್ಪು ಬೇಯಿಸಿ ಹಂದಿಕೊಬ್ಬು ಹಾಕಿದ ಬಾಯ್, ಒಣಮೀನಿನ ಮೆಣಸಿನ ಚಟ್ನಿ. ಆ ವಾಸನೆಗೇ ನನ್ನ ಹೊಟ್ಟೆ ಕೂಗುತ್ತಿತ್ತು. ಪೀ ಸೌಟು ಹಿಡಿದು, "ಹೂಂ, ದೂರು ಹೇಳಿ" ಅಂದರು.

"ಯಾರ ಮೇಲೆ, ಪೀ?" ಅಂದೆ ನಾನು.

"ಯಾರ ಮೇಲಾದ್ರೂ. ದೇವರ ಮೇಲಾದ್ರೂ ಸರಿ. ಒಬ್ಬೊಬ್ಬರು ಮೂರು. ಆಮೇಲೆ ಅನ್ನ."

ಕೀಮನಿಗೆ ಹಬ್ಬ. "ಪೀ, ಒಂದು, ಲಾರಿಯೋನು ದಾರಿ ಪೂರ್ತಿ ಒಂದೇ ಹಾಡು ಹಾಕಿದ್ದ. ಎರಡು, ಈ ಬೂಟು ನಮ್ಮಣ್ಣಂದು, ಅವನ ಕಾಲು ಆನೆ ಕಾಲು. ಮೂರು, ಈ ಸಾಂಗ್ಪುಯಿ ನನ್ನ ಪಾಲಿನ ಬಾಳೆಹಣ್ಣೂ ನುಂಗಿದ್ಲು, ಈಗ ಸಂತಳ ಥರ ಕೂತಿದಾಳೆ."

"ಭೇಷ್" ಅಂದು ಪೀ ಅವನ ತಟ್ಟೆಗೆ ಗುಡ್ಡೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನನಗೇನೂ ತೊಂದರೆ ಇಲ್ಲ, ಪೀ. ಎಲ್ಲಾ ಚೆನ್ನಾಗಿದೆ."

"ಹಂಗೋ? ಎಲ್ಲಾ ಚೆನ್ನಾಗಿರೋರಿಗೆ ಹಸಿವೂ ಆಗಲ್ಲ" ಅಂದು ಪಾತ್ರೆಯ ಮುಚ್ಚಳ ಮುಚ್ಚಿದರು.

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಕೀಮ ತನ್ನ ತಟ್ಟೆಯಿಂದ ಒಂದು ಹಿಡಿ ಅನ್ನ ನನ್ನ ಕಡೆ ಸರಿಸಲು ಹೋದ. ಸೌಟಿನಿಂದ ಅವನ ಬೆರಳಿಗೆ ಒಂದು ಬಿತ್ತು. ಇಬ್ಬರೂ ಉಂಡು ಮುಗಿಸುವವರೆಗೆ ನಾನು ಖಾಲಿ ತಟ್ಟೆ ಹಿಡಿದು ಕೂತಿದ್ದೆ. ಇಂಥ ಮುದುಕಿಯ ಕೈಗೆ ನಮ್ಮನ್ನು ಒಪ್ಪಿಸಿದವರಿಗೆ ಬುದ್ಧಿ ಇದೆಯಾ ಅಂತ ಮನಸ್ಸಿನಲ್ಲೇ ಬೈದೆ.

ಮರುದಿನ ಜಾಣತನ ತೋರಿಸಿದೆ. ಚಹಾಕ್ಕೆ ಬೆಲ್ಲ ಕಮ್ಮಿ, ಕೋಳಿ ಬೇಗ ಕೂಗಿತು, ಕೀಮ ಗೊರಕೆ ಹೊಡೆಯುತ್ತಾನೆ. ಕೀಮ ಮಲಗುತ್ತಿದ್ದದ್ದು ಆಚೆಯ ಶಾಲೆಯ ಕೋಣೆಯಲ್ಲಿ. ಪೀ ಅಗಿಯುವುದನ್ನು ನಿಲ್ಲಿಸಿ, "ಇವೆಲ್ಲ ಬಾಡಿಗೆ ದೂರು. ನಿಂದು ಹೇಳು" ಅಂದರು. ಅಂದು ಸಿಕ್ಕಿದ್ದು ಬರೀ ಒಂದು ಸೌಟು. ಮೂರನೆಯ ದಿನ ಹಸಿವು ತಡೆಯದೆ, ಸಿಟ್ಟಿನಲ್ಲಿ, "ಕಾಲು ಹುಣ್ಣಾಗಿದೆ! ನಡೆಯೋಕಾಗ್ತಿಲ್ಲ! ನಿಮ್ಮನ್ನ ಕಂಡ್ರೆ ನಂಗಾಗಲ್ಲ!" ಅಂದುಬಿಟ್ಟೆ. ಪೀ ತಟ್ಟೆ ತುಂಬ ಬಡಿಸಿದರು. ಊಟವಾದ ಮೇಲೆ ಉಪ್ಪು ಹಾಕಿದ ಬಿಸಿನೀರಲ್ಲಿ ನನ್ನ ಕಾಲು ಇಡಿಸಿ ತಾವೇ ತೊಳೆದರು.

ಅವರ ಪಾಠಗಳೆಲ್ಲ ಹೀಗೇ ಇದ್ದವು. ಆರು ತಿಂಗಳು ಬೋಧನೆ ಮಾಡಕೂಡದು. "ಮೊದಲು ಯಾವ ಹಂದಿ ಯಾರ ಮನೇದು ಅಂತ ಕಲಿ. ಆತ್ಮ ಆಮೇಲೆ" ಅನ್ನುತ್ತಿದ್ದರು. ನಾನು ಬೈಬಲ್ ಕಂಕುಳಲ್ಲಿಟ್ಟುಕೊಂಡು ಹೊರಟರೆ ಕಿತ್ತುಕೊಂಡು ಕೈಗೆ ಕುಡುಗೋಲು ಕೊಡುತ್ತಿದ್ದರು. ಇಡೀ ಹಗಲು ಬಾಸಾಪಿಯ ಬೆಟ್ಟದ ಗದ್ದೆಯಲ್ಲಿ ಕಳೆ ಕೀಳುವುದು. ಬಾಸಾಪಿ ಲೋಂಗ್ಕಿಯ ಹೆಂಡತಿ, ನಗುಮುಖದ ಗಟ್ಟಿ ಹೆಂಗಸು. ಸಂಜೆ ಅವರ ಜಗಲಿಯಲ್ಲಿ ಕೂತು ಅವರು ಕೊಟ್ಟದ್ದು ತಿಂದು, ಏನೂ ಮಾತಾಡದೆ ಎದ್ದು ಬರುವುದು. "ಮಾತಾಡದೆ ಕೂರೋದು ಬಂದ ದಿನ ಹೇಳು, ಆಗ ಮಾತಾಡೋದು ಕಲಿಸ್ತೀನಿ" ಅಂದಿದ್ದರು ಪೀ.

ಹೇಳುವುದಕ್ಕೆ ಸುಲಭ. ಒಂಟಿತನ ಅಂದರೆ ಏನು ಅಂತ ನಾನು ಅಲ್ಲಿ ಕಲಿತೆ. ಐಜಾಲಿನಲ್ಲಿ ಒಂದು ಮನೆಯಲ್ಲಿ ಕೆಮ್ಮಿದರೆ ಪಕ್ಕದ ಮನೆಯವರು ಶುಂಠಿ ತರುತ್ತಾರೆ. ಇಲ್ಲಿ ಇಡೀ ಊರು ನಮ್ಮ ಜೊತೆ ಚೆನ್ನಾಗಿಯೇ ಇತ್ತು, ಆದರೆ ಭಾನುವಾರ ಚರ್ಚಿನಲ್ಲಿ ಹನ್ನೊಂದು ಜನ, ಅದರಲ್ಲಿ ನಾವೇ ಮೂವರು. ನಾಲ್ಕು ದನಿಯಲ್ಲಿ ಹಾಡಿ ಬೆಳೆದ ನನಗೆ ಆ ಹಾಡು ಕೇಳಿದರೆ ಅಳು ಬರುತ್ತಿತ್ತು. ಮಳೆಗಾಲದಲ್ಲಿ ಏಳು ವಾರ ಕಾಗದ ಬರಲಿಲ್ಲ. ಒಂದು ಸಂಜೆ ನನ್ನ ದೂರಿನ ಸರದಿ ಬಂದಾಗ ಮಾತು ಕಟ್ಟೆಯೊಡೆಯಿತು.

"ನಾನು ಸತ್ರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ, ಪೀ. ನನ್ನ ಹೆಸರನ್ನ ಸರಿಯಾಗಿ ಹೇಳೋರು ಒಬ್ಬರೂ ಇಲ್ಲ. ನಂಗೆ ಅಮ್ಮ ಬೇಕು."

ಅತ್ತೆ, ಮೂಗು ಸೋರುವಷ್ಟು ಅತ್ತೆ. ಕೀಮ ನೆಲ ನೋಡುತ್ತಿದ್ದ. ಪೀ ನಾನು ಮುಗಿಸುವವರೆಗೆ ಕಾದರು.

"ಹೂಂ. ಇದು ಒಂದು. ಎರಡನೇದು?"

ಅಳುತ್ತಲೇ ನಗು ಬಂತು. ಎರಡನೆಯದು ಏನು ಹೇಳಿದೆನೋ ನೆನಪಿಲ್ಲ. ಅಂದಿನಿಂದ ಆ ಊರು ನನ್ನನ್ನು ನುಂಗುತ್ತದೆ ಅನ್ನುವ ಹೆದರಿಕೆ ಕಡಿಮೆಯಾಯಿತು. ಹೇಳಿಕೊಳ್ಳಲು ದಿನಾ ಐದು ಗಂಟೆಗೆ ಒಂದು ಜಾಗ ಇತ್ತಲ್ಲ. ಎಷ್ಟೋ ದಿನ ಬೆಳಗ್ಗೆ ಏನಾದರೂ ಕೆಟ್ಟದ್ದಾದರೆ, ಸಂಜೆಗೆ ಇದನ್ನು ಎತ್ತಿಡಬೇಕು ಅಂದುಕೊಳ್ಳುತ್ತಿದ್ದೆ.

ಧೈರ್ಯ ಬಂದ ಮೇಲೆ ಒಂದು ದಿನ ಕೇಳಿದೆ. "ಪೀ, ನಿಮ್ಮ ಮೂರು ಯಾವುದು?"

"ನಂದೇನು? ನಾನು ಹಳಬಳು. ನನ್ನ ದೂರೆಲ್ಲ ಮುಗಿದುಹೋಗಿವೆ" ಅಂದು ಸೌಟು ಝಾಡಿಸಿದರು. ನಾನು ನಂಬಿದೆ. ಹಳಬರಿಗೆ ಒಂಟಿತನ ಆಗುವುದಿಲ್ಲ ಅಂತ ಆ ವಯಸ್ಸಿನಲ್ಲಿ ಯಾರು ಬೇಕಾದರೂ ನಂಬುತ್ತಾರೆ.

ಮನೆಯ ಹಿಂದೆ ಎರಡು ಸಮಾಧಿ ಇದ್ದವು. ಒಂದು ಪೂ ವಾನ್‌ಥಾಂಗರದು. ಇನ್ನೊಂದರ ಕಲ್ಲಿನ ಮೇಲೆ 'ಝಾಯ್ರೆಮಿ, 23 ವರ್ಷ' ಅಂತ ಕೆತ್ತಿತ್ತು. ಎರಡರ ನಡುವೆ ಮೂರೇ ವಾರ, ಎಪ್ಪತ್ತೊಂಬತ್ತರ ಅಕ್ಟೋಬರ್ ಮತ್ತು ನವೆಂಬರ್. ಪ್ರತಿ ಶನಿವಾರ ಪೀ ಅಲ್ಲಿ ಹುಲ್ಲು ಕೀಳುತ್ತಿದ್ದರು. ಕೇಳುವ ಧೈರ್ಯ ನಮಗೆ ಬರಲಿಲ್ಲ. ಕೊನೆಗೆ ಹೇಳಿದವಳು ಬಾಸಾಪಿ, ಸುಗ್ಗಿಯ ಹೊತ್ತಿಗೆ, ತೆನೆ ಕೊಯ್ಯುತ್ತ.

"ಆ ಹುಡುಗಿ ನಿನ್ನ ಹಂಗೇ ಹೊಸದಾಗಿ ಬಂದಿದ್ಲು" ಅಂದಳು. "ಯಜಮಾನ ಜ್ವರದಲ್ಲಿ ಹೋದ. ನಿಮ್ಮ ಮುದುಕಿ ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಕಣೆ. ಮಣ್ಣು ಮಾಡಿ ಮರುದಿನ ನೀರಿಗೆ ಬಂದ್ಲು. ನಾವೆಲ್ಲ ಮನೆಗೆ ಬಂದು ಕೂರ್ತೀವಿ ಅಂದ್ವಿ. ಬೇಡ, ನಿಮ್ಮ ಕೊಯ್ಲು ಕೆಡುತ್ತೆ, ಹೋಗಿ ಅಂದ್ಲು. ಆ ಹುಡುಗೀಗೂ ಅದೇ, ಹೋಗು ನಿನ್ನ ಕೆಲಸ ನೋಡು ಅಂದ್ಲು."

"ಆಮೇಲೆ?"

"ಆಮೇಲೇನು, ಹುಡುಗೀಗೆ ಜ್ವರ ಬಂತು. ಪಾಪ, ಮುದುಕಿ ದುಃಖದಲ್ಲಿದಾಳೆ, ನಂದೊಂದು ಯಾಕೆ ಅಂತ ಹೇಳ್ಲೇ ಇಲ್ಲ. ಯಾರಿಗೂ ಹೇಳ್ಬೇಡ ಅಂತ ನನ್ನ ಬಾಯೂ ಮುಚ್ಚಿಸಿದ್ಲು. ನಡುಗ್ತಾ ನಡುಗ್ತಾ ಕಟ್ಟಿಗೆ ಒಡೀತಿದ್ಲು. ಒಂದೇ ಮನೇಲಿ ಇಬ್ಬರು, ಒಬ್ಬರಿಗೊಬ್ಬರು ಚೆನ್ನಾಗಿದೀನಿ ಚೆನ್ನಾಗಿದೀನಿ ಅಂತ. ಬಿದ್ದ ದಿನ ಗೊತ್ತಾಯ್ತು. ಆಸ್ಪತ್ರೆಗೆ ಅಂತ ಹೊತ್ಕೊಂಡು ಹೊರಟ್ವಿ, ರಸ್ತೆ ಮುಟ್ಟೋ ಮೊದಲೇ ಹೋಗ್ಬಿಟ್ಲು." ಬಾಸಾಪಿ ಕುಡುಗೋಲು ಕೆಳಗಿಟ್ಟು ನನ್ನನ್ನು ನೋಡಿದಳು. "ನಿಮ್ಮ ಜನ ಎಂಥಾ ಜನ ಕಣೆ? ನಮ್ಮಲ್ಲಿ ನಾಯಿ ಕಾಲು ಮುರಿದ್ರೂ ಊರಿಗೆಲ್ಲ ಕೇಳೋ ಹಂಗೆ ಕಿರುಚುತ್ತೆ."

ನಮ್ಮಲ್ಲಿ ಸಾವಿನ ಮನೆಗೆ ಖೋಹಾರ್ ಮನೆ ಅನ್ನುತ್ತೇವೆ. ಸತ್ತ ಮೇಲೆ ದಿನಗಟ್ಟಲೆ ಬೀದಿಯ ಜನವೆಲ್ಲ ಅಲ್ಲಿ ಸೇರಿ, ನಡುವೆ ಡೋಲು ಇಟ್ಟುಕೊಂಡು, ನಿಧಾನದ ಹಾಡುಗಳನ್ನು ಹಾಡುತ್ತಾರೆ. ಉಳಿದವರನ್ನು ಒಂದು ಗಳಿಗೆಯೂ ಒಂಟಿ ಬಿಡುವುದಿಲ್ಲ. ದುಃಖ ತೋರಿಸಲು ಇಡೀ ಜನಾಂಗಕ್ಕೆ ಸಾವಿನ ಮನೆಯಲ್ಲಿ ಮಾತ್ರ ನಾಚಿಕೆಯಿಲ್ಲ. ಅಂಥ ಕಡೆಯಿಂದ ಬಂದವರು ಗಂಡನನ್ನು ಮಣ್ಣು ಮಾಡಿ, ಹಾಡುವವರಿಲ್ಲದ ಮನೆಗೆ ಬಂದು ಬಾಗಿಲು ಹಾಕಿಕೊಂಡರು. ಬಂದವರನ್ನೂ ತಾವೇ ಕಳಿಸಿದರು.

ಝಾಯ್ರೆಮಿಯ ತಾಯಿ ಬರೆದ ಕಾಗದವನ್ನು ಮುಂದೆ ಪೀಯೇ ನನಗೆ ತೋರಿಸಿದರು. ನಾಲ್ಕೇ ಸಾಲು. 'ನಿಮ್ಮ ತಪ್ಪಿಲ್ಲ. ದೂರು ಹೇಳದ ಹಾಗೆ ಅವಳನ್ನು ಬೆಳೆಸಿದವಳು ನಾನೇ. ಅದು ಒಳ್ಳೆಯದು ಅಂದುಕೊಂಡಿದ್ದೆ' ಅಂತ ಇತ್ತು. ಆ ಕಾಗದ ಬಂದ ದಿನದಿಂದ ಆ ಮನೆಯಲ್ಲಿ ದೂರು ಹೇಳದೆ ಅನ್ನವಿಲ್ಲ ಎಂಬ ನಿಯಮ ಬಂತು. ಆಮೇಲಿನ ವರ್ಷಗಳಲ್ಲಿ ಅಲ್ಲಿ ಹದಿನಾರು ಜನ ಹೊಸಬರು ಉಂಡರು. ಹದಿನಾರು ಜನರೂ ಬದುಕಿದ್ದೇವೆ, ಕೀಮ ಅಜ್ಜನಾಗಿದ್ದಾನೆ.

ಈಗ ಅಕ್ಕಿ ಡಬ್ಬಿಯ ವಿಷಯ. ಪೀ ಅಲ್ಲಿಯೂ ದೇವರ ಅಕ್ಕಿ ತೆಗೆದಿಡುತ್ತಿದ್ದರು. ಒಲೆಯ ಪಕ್ಕದ ಹಳೆಯ ಬಿಸ್ಕತ್ತಿನ ಡಬ್ಬಿ. ಅದು ತುಂಬಿದಾಗ ಊರಿನಲ್ಲಿ ಬಾಣಂತಿಯೋ ಕಾಯಿಲೆಯವರೋ ಇದ್ದ ಮನೆಗೆ ಕೊಟ್ಟು ಬರುವುದು ನನ್ನ ಕೆಲಸ. ತಿಂಗಳಿಗೊಮ್ಮೆ ತುಂಬುವ ಡಬ್ಬಿ. ಎಂಬತ್ತೇಳರ ಫೆಬ್ರವರಿಯಲ್ಲಿ ಎರಡೇ ವಾರಕ್ಕೆ ತುಂಬಿತು. ಮತ್ತೆ ಹತ್ತು ದಿನಕ್ಕೆ. ನಾನು ಪೆದ್ದಿ, ಪೀಗೆ ಭಕ್ತಿ ಜಾಸ್ತಿಯಾಗಿದೆ ಅಂದುಕೊಂಡೆ.

ಒಂದು ಮಧ್ಯಾಹ್ನ ಕಟ್ಟಿಗೆ ತಂದು ಇಳಿಸುವಾಗ ಬಾಗಿಲಿನ ಸಂದಿಯಿಂದ ಕಂಡಿತು. ಪೀ ಮೂವರಿಗೆ ಅಕ್ಕಿ ಅಳೆದರು. ದೇವರಿಗೆ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿದರು. ಆಮೇಲೆ ತಮ್ಮ ಪಾಲಿನ ಒಂದು ಅಳತೆ ಪೂರ್ತಿ ತೆಗೆದು ಅದನ್ನೂ ಡಬ್ಬಿಗೆ ಸುರಿದರು. ಹೊಟ್ಟೆಯ ಎಡಗಡೆ ಅಂಗೈ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತರು. ಲುಂಗಿಯ ಹಾಗೆ ಉಟ್ಟ ಪುಆನ್ ಸೊಂಟಕ್ಕೆ ಎರಡು ಸುತ್ತು ಹೆಚ್ಚು ಬಂದಿತ್ತು. ಸಂಜೆ ನಮಗೆ ಬಡಿಸುವಾಗ "ನಂದು ಆಗ್ಲೇ ಆಯ್ತು" ಅನ್ನುತ್ತಿದ್ದ ಮಾತು ಎಷ್ಟು ತಿಂಗಳಿನದು ಅಂತ ಆಗ ಲೆಕ್ಕ ಹಾಕಿದೆ.

ಕೀಮನಿಗೆ ಹೇಳಿದೆ. "ಆಸ್ಪತ್ರೆಗೆ ಹೋಗೋಣ ಅಂದ್ರೆ ನಮ್ಮನ್ನೇ ಬೆಟ್ಟದಿಂದ ಕೆಳಗೆ ತಳ್ತಾರೆ" ಅಂದ ಅವನು. ನಿಜ. ಕೇಳಿದರೆ ಚೆನ್ನಾಗಿದ್ದೇನೆ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಮನೆಯ ಹಿಂದೆ ಎರಡು ಕಲ್ಲು ಇದ್ದವು, ಮೂರನೆಯದಕ್ಕೆ ಜಾಗವೂ ಇತ್ತು.

ಅಂದು ಸಂಜೆ ಪೀ ಸೌಟಿಗೆ ಕೈ ಹಾಕುವ ಮೊದಲೇ ನಾನು ಅನ್ನದ ಪಾತ್ರೆ ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಬಿಸಿ ಪಾತ್ರೆ, ತೊಡೆ ಸುಟ್ಟಿತು.

"ಏನೇ ಇದು?"

"ಪೀ, ದೂರು ಹೇಳಿ. ಮೂರು. ಆಮೇಲೆ ಅನ್ನ."

"ತಲೆ ಕೆಟ್ಟಿದೆಯೇನೇ? ಇಡು ಕೆಳಗೆ."

"ಇಡಲ್ಲ. ಇವತ್ತು ಯಾರೂ ಉಣ್ಣಲ್ಲ."

ಅವರಿಗೆ ಬಂದ ಸಿಟ್ಟನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಮೊನ್ನೆ ಬಂದೋಳು! ಕಳೆ ಯಾವುದು ಪೈರು ಯಾವುದು ಅಂತ ಗೊತ್ತಿರಲಿಲ್ಲ! ನಂಗೇ ಪಾಠ ಹೇಳ್ತೀಯಾ? ಈ ಮನೇಲಿ ಕಲಿಸೋಳು ನಾನು!"

"ಹೌದು, ನೀವೇ ಕಲಿಸಿದ್ದು. ಡಬ್ಬಿಗೆ ಹಾಕ್ತಿರೋದು ನಿಮ್ಮ ಪಾಲು. ನಾನು ನೋಡಿದೆ. ಝಾಯ್ರೆಮಿ ಮಾಡಿದ್ದೂ ಇದೇ ತಾನೆ, ಪೀ?"

ಆ ಹೆಸರು ಹೇಳಬಾರದಿತ್ತೋ ಏನೋ. ಪೀಯ ಮುಖ ಬಾಡಿತು. ಕೈಯಲ್ಲಿದ್ದ ಸೌಟು ಕೆಳಗಿಟ್ಟು ಪೀಠದ ಮೇಲೆ ಕೂತರು. ಒಲೆಯಲ್ಲಿ ಬಿದಿರು ಸಿಡಿಯುತ್ತಿತ್ತು. ಹೊರಗೆ ಇನ್ನೂ ಬೆಳಕಿತ್ತು. ಬಾಸಾಪಿ ಕೋಳಿಗಳನ್ನು ಕರೆಯುತ್ತಿದ್ದಳು. ನನ್ನ ಮಡಿಲಲ್ಲಿ ಅನ್ನ ತಣ್ಣಗಾಯಿತು.

"ಒಂದು" ಅಂದರು ಕೊನೆಗೆ. "ಈ ಕೀಮನ ಗಿಟಾರು ನಂಗೆ ಒಂಚೂರೂ ಹಿಡಿಸಲ್ಲ."

ಕೀಮ ನಗಲಿಲ್ಲ. ನಾನೂ ನಗಲಿಲ್ಲ.

"ಎರಡು. ಹೊಟ್ಟೇಲಿ ಗಡ್ಡೆ ಥರ ಇದೆ. ಎಡಕ್ಕೆ. ಮಳೆಗಾಲ ಮುಗಿದಾಗಿಂದ. ಅನ್ನ ಇಳಿಯಲ್ಲ."

"ಮೂರು?" ಅಂದೆ.

ಅವರು ತಲೆ ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. ಆಮೇಲೆ ಒಲೆಯನ್ನು ನೋಡುತ್ತ ಹೇಳಿದರು. "ವಾನ್‌ಥಾಂಗ ಹೋದಾಗ ಈ ಮನೇಲಿ ಒಬ್ಬರೂ ಹಾಡ್ಲಿಲ್ಲ. ಡೋಲು ಅಲ್ಲೇ ಮೂಲೇಲಿತ್ತು. ನಾನೇ ಬೇಡ ಅಂದೆ. ಆ ಹುಡುಗಿ ಹಾಡ್ಲಾ ಪೀ ಅಂತ ಬಾಗಿಲಲ್ಲಿ ನಿಂತು ಕೇಳಿದ್ಲು. ಹೋಗು, ನಿನ್ನ ಕೆಲಸ ನೋಡು ಅಂದೆ. ಅವಳು ಕೂತಿದ್ರೆ... ಪಕ್ಕದಲ್ಲಿ ಕೂತಿದ್ರೆ ಅವಳ ಮೈ ಬಿಸಿ ನಂಗೆ ತಗುಲ್ತಿತ್ತಲ್ವಾ? ಒಂದು ಹಾಡು ಹಾಡೋಷ್ಟು ಹೊತ್ತಲ್ಲೇ ಗೊತ್ತಾಗ್ತಿತ್ತಲ್ವಾ? ಏಳು ವರ್ಷ ಆಯ್ತು. ನಂಗೆ ಬಹಳ ಒಂಟಿ ಅನ್ಸುತ್ತೆ ಕಣೆ."

ನಾನು ಪಾತ್ರೆ ಕೆಳಗಿಟ್ಟು ಅವರ ಪಕ್ಕಕ್ಕೆ ಹೋಗಿ, ಮೈಗೆ ಮೈ ತಗುಲುವಂತೆ ಕೂತೆ. ಕೀಮ ಎದ್ದು ಮೂಲೆಯ ಡೋಲು ತಂದ. ಗಿಟಾರು ಮುಟ್ಟಲಿಲ್ಲ. ನಿಧಾನಕ್ಕೆ ಬಡಿಯತೊಡಗಿದ. ಇಬ್ಬರೇ ಹಾಡಿದೆವು, ನಾಲ್ಕು ದನಿಯ ಹಾಡನ್ನು ಎರಡು ದನಿಯಲ್ಲಿ. ಪೀ ನಮ್ಮ ನಡುವೆ ಬಗ್ಗಿ ಕೂತು ಅತ್ತರು. ಮುದುಕರ ಅಳು ನೋಡಲು ಚೆಂದವಿರುವುದಿಲ್ಲ. ಬಾಯಿ ಸೊಟ್ಟಗಾಗಿತ್ತು, ಎಲೆಯಡಿಕೆಯ ಕೆಂಪು ಗಲ್ಲಕ್ಕೆ ಇಳಿದಿತ್ತು, ನಾನು ನನ್ನ ಪುಆನ್‌ನಿಂದ ಒರೆಸಿದೆ.

ಮೂರನೆಯ ಹಾಡಿಗೆ ಮೆಟ್ಟಿಲು ಕಿರುಗುಟ್ಟಿತು. ಬಾಸಾಪಿ, ಅವಳ ಹಿಂದೆ ಲೋಂಗ್ಕಿ, ಅವರ ಹಿಂದೆ ಆಚೆಮನೆಯ ಹೆಂಗಸರು. ಏನಾಯಿತು ಅಂತ ಯಾರೂ ಕೇಳಲಿಲ್ಲ. ಬಂದು ಸಾಲಾಗಿ ಕೂತರು. ಏಳು ವರ್ಷ ತಡವಾಯಿತಲ್ಲ ಅಂತ ನನಗೇ ನಾಚಿಕೆಯಾಗಿ ಬಾಸಾಪಿಯ ಕಿವಿಯಲ್ಲಿ, "ಯಜಮಾನರಿಗೆ ಈಗ ಹಾಡ್ತಿದೀವಿ" ಅಂದೆ.

"ಗೊತ್ತಾಯ್ತು ಬಿಡು" ಅಂದಳು. "ನಮ್ಮಲ್ಲೂ ಸತ್ತು ಎಷ್ಟೋ ವರ್ಷ ಕಳೆದ ಮೇಲೇ ದೊಡ್ಡ ಅಳು ಇಡೋದು. ನಿಮ್ಮೋರು ಯಾವಾಗ ಇಡ್ತಾರೆ ಅಂತ ಏಳು ವರ್ಷದಿಂದ ಕಾಯ್ತಿದ್ವಿ." ಆಮೇಲೆ ತನ್ನ ಭಾಷೆಯಲ್ಲಿ, ತನ್ನ ರಾಗದಲ್ಲಿ ಅಳುವ ಹಾಡು ಎತ್ತಿದಳು. ಅದರಲ್ಲಿ ಪೂ ವಾನ್‌ಥಾಂಗರ ಹೆಸರು ಬಂತು. ಝಾಯ್ರೆಮಿಯ ಹೆಸರೂ ಬಂತು, ಒಂದಕ್ಷರ ತಪ್ಪಿಲ್ಲದೆ.

ಮೂರನೆಯ ದಿನ ಊರಿನ ಗಂಡಸರು ಬಿದಿರಿನ ಕುರ್ಚಿ ಕಟ್ಟಿ ಪೀಯನ್ನು ರಸ್ತೆಗೆ ಹೊತ್ತು ತಂದರು. ಆಸ್ಪತ್ರೆಯವರು ಹೊಟ್ಟೆ ತೆರೆದು ನೋಡಿ ಮತ್ತೆ ಮುಚ್ಚಿದರು. ತಡವಾಗಿತ್ತು. ಮಿಜೋರಾಮಿನ ಸೆರ್ಛಿಪ್‌ನಲ್ಲಿದ್ದ ತಂಗಿಯ ಮನೆಗೆ ಕಳಿಸುವುದು ಅಂತ ಆಯಿತು. ಬಸ್ಸಿನ ಕಿಟಕಿಯಿಂದ ಅವರು ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಇನ್ನು ಮುಂದೆ ಹೊಸಬರು ನಿನ್ನ ಹತ್ರ ಬರ್ತಾರೆ. ನಾನು ಅವರಿಂದ ಕೇಳ್ತಿದ್ದೆ, ನಾನು ಹೇಳ್ತಿರಲಿಲ್ಲ. ನೀನು ಹಂಗೆ ಮಾಡ್ಬೇಡ." ಬಸ್ಸು ಹೊರಟ ಮೇಲೆ ನಾಲ್ಕು ಗಂಟೆ ಏರು ಹತ್ತಿ ಖಾಲಿ ಮನೆಗೆ ಬಂದೆ. ಜೂನ್‌ನಲ್ಲಿ ಕೀಮನಿಗೆ ಬೇರೆ ಊರಿಗೆ ವರ್ಗವಾಯಿತು. ಆಮೇಲಿನ ನಾಲ್ಕು ತಿಂಗಳು ನಾನು ಒಬ್ಬಳೇ ದಿನಾ ಐದು ಗಂಟೆಗೆ ಒಲೆಗೆ ಮೂರು ದೂರು ಹೇಳಿ ಊಟ ಮಾಡುತ್ತಿದ್ದೆ. ನಗುವವರು ನಗಲಿ.

ಅಕ್ಟೋಬರಿನ ಒಂದು ಗುರುವಾರ ಇಬ್ಬರು ಹೊಸಬರು ಬಂದರು. ಒಬ್ಬಳು ಮೂಗಿನ ತುದಿಯಲ್ಲಿ ಕನ್ನಡಕವಿಟ್ಟ ಹುಡುಗಿ, ಇನ್ನೊಬ್ಬ ಮೀಸೆ ಸರಿಯಾಗಿ ಬಾರದ ಹುಡುಗ. ರಸ್ತೆಯ ಅಂಚೆಯವನು ಅವರ ಕೈಯಲ್ಲೇ ನನಗೊಂದು ತಂತಿ ಕಳಿಸಿದ್ದ. ಅದರಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಓದಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸೆರ್ಛಿಪ್‌ನಲ್ಲಿ ಮನೆ ತುಂಬಿ ಅಂಗಳದವರೆಗೂ ಜನ ಕೂತು ಹಾಡುತ್ತಿರುತ್ತಾರೆ, ಪೀಗೆ ಅದು ಸಿಕ್ಕಿತು ಅಂತ ಸಮಾಧಾನ ಹೇಳಿಕೊಂಡೆ. ನನಗೆ? ಈ ಮಕ್ಕಳು ಪಾಪ ಇವತ್ತು ತಾನೇ ಬಂದಿದ್ದಾರೆ, ಹೆದರಿಸಬಾರದು, ಊಟ ಹಾಕಿ ಮಲಗಿಸಿ, ಒಂದೆರಡು ವಾರ ಬಿಟ್ಟು ಹೇಳಿದರಾಯಿತು ಅಂದುಕೊಂಡೆ. ಮುಖ ತೊಳೆದೆ. ಚೆನ್ನಾಗಿಯೇ ತೊಳೆದೆ, ಏನೂ ಗೊತ್ತಾಗದ ಹಾಗೆ.

ಐದು ಗಂಟೆಗೆ ಪೀಠ ಹಾಕಿ ಕೂತೆವು. ಸೌಟು ಹಿಡಿದು ನಿಯಮ ಹೇಳಿದೆ. ಇಬ್ಬರೂ ಮುಖಮುಖ ನೋಡಿಕೊಂಡರು.

"ನಮಗೇನೂ ತೊಂದರೆ ಇಲ್ಲ, ಪೀ" ಅಂದಳು ಹುಡುಗಿ. ನನ್ನನ್ನು ಪೀ ಅಂದ ಮೊದಲಿಗಳು ಅವಳೇ. "ಎಲ್ಲಾ ಚೆನ್ನಾಗಿದೆ." ಅವಳ ಹಿಮ್ಮಡಿಗೆ ಕರವಸ್ತ್ರ ಕಟ್ಟಿತ್ತು.

ಪಾತ್ರೆಯ ಮುಚ್ಚಳ ಮುಚ್ಚಿದೆ. ಮುಚ್ಚಿದ ಮೇಲೆ ಕೈ ಅಲ್ಲೇ ನಿಂತುಬಿಟ್ಟಿತು.

"ಹಂಗಾದ್ರೆ ಮೊದಲು ನಂದು ಕೇಳಿ" ಅಂದೆ. "ನನ್ನ ಹತ್ರ ಇವತ್ತು ಒಂದೇ ಇದೆ. ನಂಗೆ ಇಲ್ಲಿ ಅನ್ನ ಉಣ್ಣೋದು ಕಲಿಸಿದ ಹೆಂಗಸು ಸತ್ತುಹೋಗಿದಾರೆ. ನೀವು ಅವರನ್ನ ನೋಡಿಲ್ಲ. ನಂಗಿಲ್ಲಿ ಬೇರೆ ಯಾರೂ ಇಲ್ಲ. ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲಿ ಕೂತ್ಕೊಳ್ತೀರಾ?"

ಹುಡುಗಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು. ಕುಂಟುತ್ತ ಒಲೆ ಸುತ್ತಿ ಬಂದು ನನ್ನ ಪಕ್ಕ ಕೂತಳು. ಹುಡುಗ ಡೋಲು ಎಲ್ಲಿದೆ ಅಂತ ಕೇಳದೆಯೇ ಮೂಲೆಯಿಂದ ಹುಡುಕಿ ತಂದ. ಅವಳ ಭುಜ ನನ್ನ ಭುಜಕ್ಕೆ ತಗುಲಿತು. ಬಿಸಿಯಿತ್ತು. ಹಾಡು ಎತ್ತುವ ಮೊದಲು ಅವಳ ಹಣೆ ಮುಟ್ಟಿ ನೋಡಿದೆ.

"ಯಾವಾಗಿಂದ?" ಅಂದೆ.

"ನಿನ್ನೆಯಿಂದ, ಪೀ" ಅಂದಳು.